ಓದು ಮುಗಿಯಿತು, ಕೆಲಸ ಸಿಕ್ಕಿತು, ಇನ್ನು ವೀಸಾ?

ಜರ್ಮನಿಯ ಕೆಮ್ನಿಟ್ಸ್‌ನಲ್ಲಿ ಸ್ನಾತಕೋತ್ತರ ಎಂಜಿನಿಯರಿಂಗ್ ಮುಗಿಯುತ್ತಾ ಬಂದಿದೆ, ರೇಗೆನ್ಸ್‌ಬುರ್ಗ್‌ನ ಕಂಪನಿಯೊಂದು ವರ್ಷಕ್ಕೆ 47,000 ಯೂರೋ ಸಂಬಳದ ಕೆಲಸ ಕೊಟ್ಟಿದೆ, ವಿದ್ಯಾರ್ಥಿ ಪರವಾನಗಿಯ ಅವಧಿ ನವೆಂಬರ್ ಕೊನೆಗೆ ತೀರುತ್ತದೆ, ಡಿಸೆಂಬರ್‌ನಲ್ಲಿ ಅಣ್ಣನ ಮದುವೆ ಇದೆ. ಇಷ್ಟು ಹೇಳಿ, ವೀಸಾ ಬದಲಿಸಲು ಊರಿಗೆ ಹೋಗಿ ಬರಬೇಕೇ ಎಂದು ಕೇಳಿದ್ದೀರಿ. ಬೇಕಿಲ್ಲ. ಊರಿಗೆ ಹೋಗಿ ಹೊಸ ವೀಸಾ ತರಬೇಕಾಗುವುದು ಸಾಮಾನ್ಯವಾಗಿ ಷೆಂಗೆನ್ ವೀಸಾದಲ್ಲಿ ಪ್ರವಾಸಕ್ಕೆಂದು ಬಂದು, ಇಲ್ಲೇ ಕೆಲಸ ಹುಡುಕಿಕೊಂಡು ಉಳಿದುಬಿಡೋಣ ಎಂದುಕೊಳ್ಳುವವರಿಗೆ. ನಿಮ್ಮ ಪಾಸ್‌ಪೋರ್ಟಿನಲ್ಲಿ ಅಂಟಿಸಿದ್ದ ವೀಸಾದ ಕೆಲಸ ನೀವು ಇಲ್ಲಿ ವಾಸದ ಪರವಾನಗಿ ಪಡೆದ ದಿನವೇ ಮುಗಿದಿದೆ. ಈಗ ನಿಮ್ಮ ಕೈಯಲ್ಲಿರುವುದು ಓದು ಎಂಬ ಉದ್ದೇಶಕ್ಕೆ ಕೊಟ್ಟ ಕಾರ್ಡು. ಆ ಉದ್ದೇಶ ನೌಕರಿ ಎಂದು ಬದಲಾಗಬೇಕು. ಅದನ್ನು ನೀವು ವಾಸವಿರುವ ಊರಿನ ವಿದೇಶಿಯರ ಕಚೇರಿಯೇ ಮಾಡಿಕೊಡುತ್ತದೆ. ಶುಲ್ಕ ನೂರು ಯೂರೋ ಆಸುಪಾಸು.

ಹೊಸಬರೆಲ್ಲ ಹೆದರುವುದು ಅರ್ಜಿ ತಿರಸ್ಕಾರವಾದರೆ ಏನು ಗತಿ ಎಂದು. ಜರ್ಮನ್ ಪದವಿ, ಓದಿಗೆ ತಕ್ಕ ಕೆಲಸ, ಸಾಕಷ್ಟು ಸಂಬಳ ಇರುವವರ ಅರ್ಜಿ ತಿರಸ್ಕಾರವಾದದ್ದನ್ನು ನಾನು ಇಷ್ಟು ವರ್ಷಗಳಲ್ಲಿ ಕಂಡದ್ದೇ ಇಲ್ಲ ಎನ್ನಬಹುದು. ಕಾಡುವುದು ಬೇರೆಯೇ: ಹಳೆಯ ಕಾರ್ಡಿಗೂ ಹೊಸ ಕಾರ್ಡಿಗೂ ನಡುವಿನ ತಿಂಗಳುಗಳು. ಆ ಅವಧಿಯಲ್ಲಿ ಕೈಯಲ್ಲಿ ಯಾವ ಕಾಗದವಿದೆ, ಅದರ ಮೇಲೆ ಏನು ಬರೆದಿದೆ ಎಂಬುದರ ಮೇಲೆ ನಿಮ್ಮ ಕೆಲಸ, ಪ್ರಯಾಣ, ನಿದ್ದೆ ಮೂರೂ ನಿಂತಿರುತ್ತವೆ.

ಇದರಲ್ಲಿ ರಾಜಿಯೇ ಇಲ್ಲದ ಒಂದು ನಿಯಮವಿದೆ. ಹಳೆಯ ಕಾರ್ಡಿನ ಅವಧಿ ಮುಗಿಯುವ ಮೊದಲೇ ಹೊಸ ಅರ್ಜಿ ಕಚೇರಿಯನ್ನು ತಲುಪಿರಬೇಕು. ಹಾಗೆ ತಲುಪಿದ್ದರೆ, ವಾಸ ಕಾನೂನಿನ 81ನೇ ಕಲಮಿನ 4ನೇ ಉಪಕಲಮಿನ ಪ್ರಕಾರ, ಅವರು ತೀರ್ಮಾನ ಕೊಡುವವರೆಗೆ ನಿಮ್ಮ ಹಳೆಯ ಪರವಾನಗಿಯೇ ಮುಂದುವರಿಯುತ್ತದೆ; ಕಾರ್ಡಿನ ಮೇಲಿನ ದಿನಾಂಕ ಕಳೆದುಹೋಗಿದ್ದರೂ ಸರಿ. ಒಂದು ದಿನ ತಡವಾದರೂ ಆ ರಕ್ಷಣೆ ತಾನಾಗಿ ಸಿಗುವುದಿಲ್ಲ, ಅಧಿಕಾರಿಯ ದಯೆಯನ್ನು ಬೇಡಬೇಕಾಗುತ್ತದೆ. ಕಚೇರಿಯಲ್ಲಿ ಭೇಟಿಯ ಸಮಯ ಸಿಕ್ಕಿಲ್ಲ ಎಂದು ಕೈಕಟ್ಟಿ ಕೂರಬೇಡಿ. ಭೇಟಿ ಬೇರೆ, ಅರ್ಜಿ ಬೇರೆ. ಆನ್‌ಲೈನ್ ಅರ್ಜಿ ಇರುವ ಊರಾದರೆ ಸಲ್ಲಿಸಿ, ಸ್ವೀಕೃತಿಯನ್ನು ಮುದ್ರಿಸಿ ಇಟ್ಟುಕೊಳ್ಳಿ. ಇಲ್ಲವಾದರೆ ಸ್ವೀಕೃತಿ ಪತ್ರವಿರುವ ನೋಂದಾಯಿತ ಅಂಚೆಯಲ್ಲಿ ಕಳಿಸಿ. ಕಾಗದದಲ್ಲಿ 'ನನಗೆ ಭೇಟಿಯ ದಿನ ಕೊಡಿ' ಎಂದಷ್ಟೇ ಬರೆದರೆ ಸಾಲದು. 'ಈ ಮೂಲಕ ಬ್ಲೂ ಕಾರ್ಡಿಗೆ ಅರ್ಜಿ ಸಲ್ಲಿಸುತ್ತಿದ್ದೇನೆ' ಎಂಬ ವಾಕ್ಯ ಇರಲೇಬೇಕು (ಬ್ಲೂ ಕಾರ್ಡು ಎಂದರೆ ಪದವೀಧರರಿಗೆ, ನಿಗದಿತ ಮಿತಿಗೆ ಕಡಿಮೆಯಿಲ್ಲದ ಸಂಬಳದ ಕೆಲಸಕ್ಕೆಂದು ಕೊಡುವ ವಾಸದ ಪರವಾನಗಿ). ಪದವಿ ಪ್ರಮಾಣಪತ್ರ ಇನ್ನೂ ಬಂದಿಲ್ಲವೆಂದರೆ ಎಲ್ಲ ಪರೀಕ್ಷೆಗಳೂ ಮುಗಿದಿವೆ ಎಂದು ವಿಶ್ವವಿದ್ಯಾಲಯ ಕೊಡುವ ಪತ್ರವನ್ನು ಲಗತ್ತಿಸಿ, ಉಳಿದದ್ದನ್ನು ನಂತರ ಕಳಿಸಿ.

ಅರ್ಜಿ ಬಾಕಿಯಿರುವಾಗ ಕಚೇರಿ ಒಂದು ಮಧ್ಯಂತರ ಪತ್ರ ಕೊಡುತ್ತದೆ. ಅದರ ಹೆಸರು ಫಿಕ್ಷನ್ಸ್‌ಬೆಷೈನಿಗುಂಗ್, ಶುಲ್ಕ 13 ಯೂರೋ. ಹೆಸರನ್ನು ಉಚ್ಚರಿಸಲು ಕಲಿಯದಿದ್ದರೂ ಅಡ್ಡಿಯಿಲ್ಲ, ಅದನ್ನು ಓದಲು ಮಾತ್ರ ಕಲಿಯಿರಿ. ಒಳಗಡೆ ಮೂರು ಚೌಕಗಳಿರುತ್ತವೆ, ಒಂದಕ್ಕೆ ಗುರುತು ಹಾಕಿರುತ್ತಾರೆ. ನಿಮಗೆ ಬೇಕಾದದ್ದು ಮೂರನೆಯದು, ಹಳೆಯ ಪರವಾನಗಿ ಮುಂದುವರಿದಿದೆ ಎಂದು ಹೇಳುವ ಚೌಕ. ಅದಕ್ಕೆ ಗುರುತಿದ್ದರೆ ಪಾಸ್‌ಪೋರ್ಟ್, ಹಳೆಯ ಕಾರ್ಡು ಮತ್ತು ಈ ಪತ್ರ ಹಿಡಿದು ಅಣ್ಣನ ಮದುವೆಗೆ ಹೋಗಿ ಮರಳಬಹುದು. ಮೊದಲ ಚೌಕಕ್ಕೆ ಗುರುತಿದ್ದರೆ ಇಲ್ಲಿ ಇರಬಹುದು, ಆದರೆ ಹೊರಗೆ ಹೋದರೆ ಆ ಪತ್ರ ಹಿಡಿದು ಮರಳಿ ಬರಲಾಗದು. ಪತ್ರ ಕೊಟ್ಟ ಮೇಜಿನ ಮುಂದೆಯೇ ತೆರೆದು ನೋಡಿ. ತಪ್ಪು ಚೌಕಕ್ಕೆ ಗುರುತು ಬೀಳುವುದು ಅಪರೂಪವೇನಲ್ಲ, ಅಲ್ಲೇ ಹೇಳಿದರೆ ಅಲ್ಲೇ ಸರಿಪಡಿಸುತ್ತಾರೆ. ಪ್ರಯಾಣಕ್ಕೆ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೋ ಮ್ಯೂನಿಕ್‌ಗೋ ಇರುವ ನೇರ ವಿಮಾನವನ್ನೇ ಹಿಡಿಯಿರಿ, ಹಣ ತುಸು ಹೆಚ್ಚಾದರೂ ಸರಿ. ನಡುವೆ ಬೇರೆ ದೇಶದಲ್ಲಿ ಇಳಿದು ಹತ್ತುವಾಗ ಈ ಮಡಿಸಿದ ಕಾಗದ ಏನೆಂದು ಕೌಂಟರಿನವರಿಗೆ ವಿವರಿಸುವ ಕಷ್ಟ ಮದುವೆ ಮನೆಯಿಂದ ಬರುವವರಿಗೆ ಬೇಡ.

ಈಗ ನೀವು ಸಾಲಿನ ಕೊನೆಯಲ್ಲಿ ಹಗುರವಾಗಿ ಸೇರಿಸಿರುವ, ಆದರೆ ನನ್ನ ಲೆಕ್ಕದಲ್ಲಿ ಅತಿ ಭಾರವಾದ ಪ್ರಶ್ನೆ: ಕಾರ್ಡು ಬರುವ ಮೊದಲೇ ಕೆಲಸಕ್ಕೆ ಸೇರಬಹುದೇ? ಹಳೆಯ ಪರವಾನಗಿ ಮುಂದುವರಿಯುತ್ತದೆ ಎಂದೆನಲ್ಲ, ಅದರ ಜೊತೆ ಅದರ ನಿರ್ಬಂಧಗಳೂ ಮುಂದುವರಿಯುತ್ತವೆ. ವಿದ್ಯಾರ್ಥಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅವಕಾಶ (2024ರ ಮಾರ್ಚ್‌ಗೆ ಮೊದಲು ಇದು 120 ಮತ್ತು 240 ಇತ್ತು). ಪೂರ್ಣಾವಧಿಯ ಕಾಯಂ ನೌಕರಿಗೆ ಇದು ಒಗ್ಗುವುದಿಲ್ಲ. ಅನುಮತಿಯಿಲ್ಲದೆ ದುಡಿಸಿಕೊಂಡರೆ ಕಂಪನಿಗೂ ದಂಡ ಬೀಳುತ್ತದೆ. ಹಾಗಾಗಿ ಮಾನವ ಸಂಪನ್ಮೂಲ ವಿಭಾಗದವರು ಕಾರ್ಡಿನ ಪ್ರತಿ ಕೇಳಿದರೆ ಅದನ್ನು ಅನುಮಾನ ಎಂದುಕೊಳ್ಳಬೇಡಿ.

ದಾರಿಗಳು ಎರಡಿವೆ. ಕಾನೂನಿಗೆ ಒಂದು ಸಣ್ಣ ತಿದ್ದುಪಡಿ ಸೇರಿದೆ. ಕಚೇರಿ ನಿಮ್ಮ ಅರ್ಜಿಯನ್ನು ಒಪ್ಪಿ ಕಾರ್ಡು ಮುದ್ರಿಸಲು ಆದೇಶ ಕೊಟ್ಟ ಕ್ಷಣದಿಂದ, ಕಾರ್ಡು ಕೈಸೇರುವ ಮೊದಲೇ, ಆ ಹೊಸ ಕೆಲಸ ಮಾಡಲು ಅನುಮತಿ ಇದೆ ಎಂದೇ ಪರಿಗಣಿಸಬೇಕು ಎನ್ನುತ್ತದೆ ಅದು. ಕಾರ್ಡು ಮುದ್ರಣವಾಗುವುದು ಬರ್ಲಿನ್‌ನ ಸರ್ಕಾರಿ ಮುದ್ರಣಾಲಯ ಬುಂಡೆಸ್‌ಡ್ರುಕರೈಯಲ್ಲಿ, ಬರಲು ಹಲವು ವಾರ ಹಿಡಿಯುತ್ತದೆ. ಆ ವಾರಗಳನ್ನು ಈ ತಿದ್ದುಪಡಿ ಉಳಿಸಿಕೊಡುತ್ತದೆ. ಆದರೆ ಆ ಅನುಮತಿಯನ್ನು ಮಧ್ಯಂತರ ಪತ್ರದಲ್ಲಿ ಬರೆಸಿಕೊಳ್ಳಿ. ಬಾಯಿಮಾತಿಗೆ ಕಂಪನಿಯವರು ಬೆಲೆ ಕೊಡುವುದಿಲ್ಲ, ಕೊಡಲೂಬಾರದು. ಎರಡನೆಯ ದಾರಿ, ಪದವಿ ಮುಗಿದವರಿಗೆ ಕೆಲಸ ಹುಡುಕಲು ಕೊಡುವ 18 ತಿಂಗಳ ಪರವಾನಗಿ. ಅದರಲ್ಲಿ ಯಾವ ಕೆಲಸವನ್ನಾದರೂ ಎಷ್ಟು ಹೊತ್ತಾದರೂ ಮಾಡಬಹುದು. ಬ್ಲೂ ಕಾರ್ಡಿನ ಅರ್ಜಿ ನಿಧಾನವಾಗುವ ಊರುಗಳಲ್ಲಿ ಕೆಲವರು ಮೊದಲು ಇದನ್ನು ಪಡೆದು ಕೆಲಸ ಆರಂಭಿಸಿ, ಆಮೇಲೆ ಬ್ಲೂ ಕಾರ್ಡಿಗೆ ಹೋಗುತ್ತಾರೆ. ನನಗೆ ಇದು ಎರಡು ಸಲ ಸರತಿಯಲ್ಲಿ ನಿಲ್ಲುವ ಉಪಾಯ ಎನಿಸುತ್ತದೆ. ಕೆಲಸದ ಒಪ್ಪಂದ ಕೈಯಲ್ಲಿರುವಾಗ ನೇರವಾಗಿ ಬ್ಲೂ ಕಾರ್ಡಿಗೇ ಹಾಕಿ.

ನಿಮ್ಮ ಕೊಠಡಿಯ ಗೆಳೆಯ ಶಾನ್ಸನ್‌ಕಾರ್ಟೆ ತೆಗೆದುಕೊಳ್ಳಲು ಹೇಳಿದ್ದಾರಂತೆ. ಅದು 2024ರ ಜೂನ್‌ನಲ್ಲಿ ಬಂದದ್ದು, ಅಂಕ ಲೆಕ್ಕ ಹಾಕಿ ಕೆಲಸ ಹುಡುಕುವವರಿಗೆ ಒಂದು ವರ್ಷದವರೆಗೆ ಕೊಡುವ ಕಾರ್ಡು, ವಾರಕ್ಕೆ 20 ಗಂಟೆಯಷ್ಟೇ ಕೆಲಸ. ಊರಿನಲ್ಲಿ ಕೂತು ಅರ್ಜಿ ಹಾಕುವವರಿಗೆ ಒಳ್ಳೆಯದು. ಜರ್ಮನ್ ಪದವಿ ಇರುವ ನಿಮಗೆ ಅದು ಹಿಂದಕ್ಕೆ ಇಡುವ ಹೆಜ್ಜೆ.

ಬ್ಲೂ ಕಾರ್ಡಿಗೆ 50,700 ಯೂರೋ ಬೇಕಂತೆ, ನನ್ನದು ಕಡಿಮೆ ಎಂದಿದ್ದೀರಿ. 2026ರ ಸಾಮಾನ್ಯ ಮಿತಿ ಅದೇ. ಆದರೆ ಪದವಿ ಪಡೆದು ಮೂರು ವರ್ಷ ಕಳೆಯದವರಿಗೂ, ಎಂಜಿನಿಯರಿಂಗ್, ಗಣಿತ, ಮಾಹಿತಿ ತಂತ್ರಜ್ಞಾನ, ವೈದ್ಯಕೀಯದಂಥ ಜನರ ಕೊರತೆಯಿರುವ ವೃತ್ತಿಗಳಿಗೂ ಮಿತಿ 45,934 ಯೂರೋ 20 ಸೆಂಟ್. (ಆ 20 ಸೆಂಟನ್ನೂ ಬಿಡದ ದೇಶಕ್ಕೆ ಬಂದಿದ್ದೀರಿ.) ನೀವು ಎರಡು ಕಡೆಯಿಂದಲೂ ಅರ್ಹರು. ಈ ಮೊತ್ತಗಳು ಪಿಂಚಣಿ ವಿಮೆಯ ಮಿತಿಗೆ ಕಟ್ಟಿಕೊಂಡಿರುವುದರಿಂದ ಪ್ರತಿ ಜನವರಿಯಲ್ಲಿ ಬದಲಾಗುತ್ತವೆ, ಸಾಮಾನ್ಯವಾಗಿ ಏರುತ್ತವೆ. 47,000ಕ್ಕೂ ಮಿತಿಗೂ ಅಂತರ ಕಿರಿದು. ಆದ್ದರಿಂದ ಅರ್ಜಿಯನ್ನು ಈ ವರ್ಷದೊಳಗೇ ಮುಗಿಸುವುದು ಜಾಣತನ, ಸಾಧ್ಯವಾದರೆ ಒಪ್ಪಂದದಲ್ಲಿ ಒಂದೆರಡು ಸಾವಿರ ಹೆಚ್ಚು ಕೇಳಿ. ಬ್ಲೂ ಕಾರ್ಡಿನ ಮಿತಿಯ ಕಾರಣ ಹೇಳಿದರೆ ಕಂಪನಿಗಳು ಅದನ್ನು ದುರಾಸೆ ಎಂದು ನೋಡುವುದಿಲ್ಲ. ಕಡಿಮೆ ಮಿತಿಯಲ್ಲಿ ಉದ್ಯೋಗ ಇಲಾಖೆಯ ಒಪ್ಪಿಗೆಯೂ ಬೇಕು. ಅದನ್ನು ಕಚೇರಿಯೇ ಕೇಳಿ ಪಡೆಯುತ್ತದೆ, ನಿಮ್ಮ ಪಾಲಿನ ಕೆಲಸ ಕಂಪನಿಯಿಂದ ಉದ್ಯೋಗ ವಿವರದ ನಮೂನೆ ತುಂಬಿಸಿಕೊಳ್ಳುವುದು.

ಬ್ಲೂ ಕಾರ್ಡನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾನು ಇಲ್ಲಿಗೆ ಬಂದಾಗ ಅದು ಇರಲಿಲ್ಲ, ಶುರುವಾದದ್ದು 2012ರ ಆಗಸ್ಟ್‌ನಲ್ಲಿ. ಅದಕ್ಕೆ ಮೊದಲು ಪದವೀಧರನಿಗೆ ಕೆಲಸ ಹುಡುಕಲು ಸಿಗುತ್ತಿದ್ದದ್ದೂ ಒಂದೇ ವರ್ಷ. ಈಗ ಬ್ಲೂ ಕಾರ್ಡಿನಲ್ಲಿ 27 ತಿಂಗಳು ದುಡಿದರೆ ಸರಳ ಜರ್ಮನ್ ಸಾಕು, ಕಾಯಂ ವಾಸದ ಹಕ್ಕು ಕೇಳಬಹುದು. ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಇದ್ದರೆ 21 ತಿಂಗಳಿಗೇ. ಜೊತೆಗೆ ಬ್ಲೂ ಕಾರ್ಡಿನವರು 12 ತಿಂಗಳವರೆಗೆ ದೇಶದ ಹೊರಗಿದ್ದರೂ ಪರವಾನಗಿ ರದ್ದಾಗುವುದಿಲ್ಲ, ಮಿಕ್ಕವರಿಗೆ ಸಾಮಾನ್ಯವಾಗಿ ಆರು ತಿಂಗಳು. ಊರಿನಲ್ಲಿ ವಯಸ್ಸಾದ ತಂದೆತಾಯಿ ಇರುವ ನಮ್ಮಂಥವರಿಗೆ ಈ ಒಂದು ಸಾಲಿನ ಬೆಲೆ ಬಹಳ. ಬಿ1 ಪರೀಕ್ಷೆಯನ್ನು ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಬರೆದುಬಿಡಿ. ಆಫೀಸಿನಲ್ಲಿ ಎಲ್ಲರೂ ಇಂಗ್ಲಿಷ್ ಆಡುತ್ತಾರೆ ಎನ್ನುವವರ ಮಾತು ಕೇಳಬೇಡಿ, ವಿದೇಶಿಯರ ಕಚೇರಿಯಲ್ಲಿ ಆಡುವುದಿಲ್ಲ.

ಕಾರ್ಡಿನ ಜೊತೆ ತಿಳಿ ಹಸಿರು ಬಣ್ಣದ ಹಾಳೆಯೊಂದು ಬರುತ್ತದೆ, ಟ್ಸುಸಾಟ್ಸ್‌ಬ್ಲಾಟ್. ಬಹಳ ಜನ ಅದನ್ನು ಕಾರ್ಡಿನ ಹೊದಿಕೆ ಎಂಬಂತೆ ಡ್ರಾಯರಿಗೆ ಎಸೆಯುತ್ತಾರೆ. ನಿಮ್ಮ ಹಕ್ಕುಗಳು ಇರುವುದು ಕಾರ್ಡಿನಲ್ಲಲ್ಲ, ಆ ಹಾಳೆಯಲ್ಲಿ. ಈಗ ನಿಮ್ಮ ಬಳಿ ಇರುವ ವಿದ್ಯಾರ್ಥಿ ಹಾಳೆಯನ್ನೂ ಒಮ್ಮೆ ತೆರೆದು ಓದಿ. ಓದು ನಿಂತ ಕೂಡಲೇ ಪರವಾನಗಿಯೂ ಅಳಿಯುತ್ತದೆ ಎಂಬ ಷರತ್ತನ್ನು ಕೆಲವು ಕಚೇರಿಗಳು ಅದರಲ್ಲಿ ಬರೆಯುತ್ತವೆ. ಹಾಗಿದ್ದರೆ ನವೆಂಬರ್ ಎಂಬ ದಿನಾಂಕವನ್ನು ನಂಬಿ ಕೂರುವಂತಿಲ್ಲ, ವಿಶ್ವವಿದ್ಯಾಲಯದ ನೋಂದಣಿ ರದ್ದಾಗುವ ಮೊದಲೇ ಅರ್ಜಿ ಹೋಗಬೇಕು. ಹೊಸ ಕಾರ್ಡು ಬಂದ ಮೇಲೆ ಕೆಲಸ ಬದಲಿಸುವ ಯೋಚನೆ ಬಂದರೂ ಮೊದಲು ಆ ಹಾಳೆ ನೋಡಿ. ಬ್ಲೂ ಕಾರ್ಡಿನ ಮೊದಲ 12 ತಿಂಗಳಲ್ಲಿ ಕಂಪನಿ ಬದಲಿಸಿದರೆ ಕಚೇರಿಗೆ ತಿಳಿಸಬೇಕು, ಅವರು 30 ದಿನ ತಡೆಹಿಡಿದು ಪರಿಶೀಲಿಸಬಹುದು. ಕೆಲಸ ಅವಧಿಗೆ ಮುಂಚೆಯೇ ಹೋಯಿತೆಂದರೆ ಗೊತ್ತಾದ ಎರಡು ವಾರದೊಳಗೆ ನೀವೇ ತಿಳಿಸಬೇಕು. ಮುಚ್ಚಿಟ್ಟು ಪ್ರಯೋಜನವಿಲ್ಲ, ಕಂಪನಿಯೂ ತಿಳಿಸುತ್ತದೆ.

ಊರು ಬದಲಾಗುವುದರಲ್ಲಿ ನಿಮಗೆ ಒಂದು ತೊಡಕಿದೆ. ಅರ್ಜಿ ಕೆಮ್ನಿಟ್ಸ್‌ನಲ್ಲಿ ಬಾಕಿಯಿರುವಾಗ ರೇಗೆನ್ಸ್‌ಬುರ್ಗ್‌ಗೆ ಮನೆ ಬದಲಿಸಿದರೆ ಕಡತವೂ ಊರು ಬದಲಿಸಬೇಕು. ಅದು ನಿಮ್ಮ ಸಾಮಾನಿಗಿಂತ ನಿಧಾನವಾಗಿ ಬರುತ್ತದೆ. ಸೆಪ್ಟೆಂಬರ್‌ನೊಳಗೆ ಅಲ್ಲಿ ಮನೆ ಸಿಗುವುದು ಖಚಿತವಾದರೆ ಹೋಗಿ, ಎರಡು ವಾರದೊಳಗೆ ವಿಳಾಸ ನೋಂದಾಯಿಸಿ, ಅಲ್ಲೇ ಅರ್ಜಿ ಹಾಕಿ. ಖಚಿತವಿಲ್ಲವೆಂದರೆ ಕೆಮ್ನಿಟ್ಸ್‌ನಲ್ಲೇ ಸಲ್ಲಿಸಿ. ಮನೆಗಾಗಿ ಕಾಯುತ್ತಾ ದಿನಾಂಕ ತಪ್ಪಿಸಿಕೊಳ್ಳುವುದಕ್ಕಿಂತ ನಿಧಾನದ ಕಡತವೇ ಮೇಲು.

ಪಾಸ್‌ಪೋರ್ಟಿನ ಅವಧಿ ನೋಡಿಕೊಳ್ಳಿ. ಬ್ಲೂ ಕಾರ್ಡನ್ನು ಗರಿಷ್ಠ ನಾಲ್ಕು ವರ್ಷಕ್ಕೆ ಕೊಡುತ್ತಾರೆ, ಆದರೆ ಪಾಸ್‌ಪೋರ್ಟಿನ ಅವಧಿಯನ್ನು ಮೀರಿ ಕೊಡುವುದಿಲ್ಲ. ಒಂದೇ ವರ್ಷ ಉಳಿದಿದ್ದರೆ ಮೊದಲು ಭಾರತೀಯ ದೂತಾವಾಸದ ಮೂಲಕ ನವೀಕರಣಕ್ಕೆ ಹಾಕಿ. ಆರೋಗ್ಯ ವಿಮೆಯ ವಿದ್ಯಾರ್ಥಿ ದರ ನೋಂದಣಿಯೊಂದಿಗೇ ಮುಗಿಯುತ್ತದೆ. ಕೆಲಸ ಶುರುವಾಗುವವರೆಗಿನ ತಿಂಗಳುಗಳಿಗೆ ಸ್ವಂತ ಖರ್ಚಿನ ಸದಸ್ಯತ್ವ ಬೇಕು, ಅದು ದುಬಾರಿ, ಆದರೂ ಬಿಡುವಂತಿಲ್ಲ. ವಿಮೆಯಿಲ್ಲದ ಅರ್ಜಿಯನ್ನು ಅವರು ಮುಂದಕ್ಕೆ ಸರಿಸುವುದೇ ಇಲ್ಲ.

ಇನ್ನು ಅರ್ಜಿ ಹೋದ ಮೇಲಿನ ಮೌನ. ಇಮೇಲಿಗೆ ಉತ್ತರವಿಲ್ಲ, ಫೋನು ಎತ್ತುವುದಿಲ್ಲ, ಭೇಟಿಯ ಕ್ಯಾಲೆಂಡರಿನಲ್ಲಿ ಖಾಲಿ ದಿನವೇ ಇರುವುದಿಲ್ಲ. ನಾನು ಮೊದಲು ಇದ್ದ ಊರಿನ ಕಚೇರಿಯೂ ಹಾಗೆಯೇ ಇತ್ತು. ದಿನಕ್ಕೊಂದು ಇಮೇಲ್ ಕಳಿಸಿದರೆ ಕಡತಕ್ಕೆ ಕಾಗದ ಸೇರುತ್ತದೆ, ವೇಗ ಸೇರುವುದಿಲ್ಲ. ಕಂಪನಿಯ ಕಡೆಯಿಂದ ಒಂದು ಪತ್ರ ಬರೆಸಿ. ಕೆಲಸ ಆರಂಭವಾಗಬೇಕಾದ ದಿನಾಂಕ ಅದರಲ್ಲಿ ಸ್ಪಷ್ಟವಾಗಿರಲಿ. ಅರ್ಜಿದಾರನ ಪತ್ರಕ್ಕಿಂತ ಅದಕ್ಕೆ ಬೇಗ ಉತ್ತರ ಬರುವುದನ್ನು ಕಂಡಿದ್ದೇನೆ, ಬೇಸರವಾದರೂ ಒಪ್ಪಿಕೊಳ್ಳಬೇಕು. ಎಲ್ಲ ದಾಖಲೆ ಕೊಟ್ಟು ಮೂರು ತಿಂಗಳಾದರೂ ಸಕಾರಣವಿಲ್ಲದೆ ತೀರ್ಮಾನ ಬರದಿದ್ದರೆ ಆಡಳಿತ ನ್ಯಾಯಾಲಯದಲ್ಲಿ ನಿಷ್ಕ್ರಿಯತೆಯ ವಿರುದ್ಧ ದಾವೆ ಹೂಡಲು ಕಾನೂನಿನಲ್ಲಿ ಅವಕಾಶವಿದೆ. ಇದರಿಂದ ಅಧಿಕಾರಿಗಳು ಮುನಿಸಿಕೊಂಡು ಅರ್ಜಿ ತಿರಸ್ಕರಿಸುತ್ತಾರೆ ಎಂಬ ಭಯ ನಮ್ಮ ಜನರಲ್ಲಿ ಬಹಳ. ಇಲ್ಲಿ ಅದನ್ನು ಯಾರೂ ವೈಯಕ್ತಿಕವಾಗಿ ತೆಗೆದುಕೊಳ್ಳುವುದಿಲ್ಲ, ಅದೂ ಒಂದು ಕಾಗದ ಅಷ್ಟೇ. ಎಷ್ಟೋ ಸಲ ದಾವೆಯವರೆಗೂ ಹೋಗಬೇಕಾಗುವುದಿಲ್ಲ. ಗಡುವು ಹಾಕಿ ವಕೀಲರು ಬರೆದ ಒಂದು ಪುಟದ ಪತ್ರ ಕಚೇರಿ ತಲುಪಿದ ಮೇಲೆ, ಅಲ್ಲಿಯವರೆಗೆ ಸಿಗದಿದ್ದ ಭೇಟಿಯ ದಿನ ಸಿಗುತ್ತದೆ.