ಓದುಗರ ಪ್ರಶ್ನೆ: ಕಿತ್ತಳೆ ಬಳೆಯ ಗುಬ್ಬಿ

ಹೋದ ತಿಂಗಳು ಫ್ಲೋರಿಡಾದ ಡಸ್ಕಿ ಸೀಸೈಡ್ ಗುಬ್ಬಿ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಜೌಗಿನಲ್ಲಿ ಬದುಕುತ್ತಿದ್ದ, ಮೈತುಂಬಾ ಕಪ್ಪು ಗೆರೆಗಳ ಹಾಡುಹಕ್ಕಿ, ಕೊನೆಗೆ ಐದು ಗಂಡುಗಳಷ್ಟೇ ಸಿಕ್ಕವು, 1987ರಲ್ಲಿ ಕೊನೆಯದೂ ಸತ್ತಿತು ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ.

ಪ್ರಶ್ನೆ: ಮಗಳ ಶಾಲೆ ಪ್ರಾಜೆಕ್ಟಿಗೆ ನಿಮ್ಮ ಗುಬ್ಬಿಯನ್ನೇ ಹಾಕಿದೆವು. ‘ಸೀಸೈಡ್ ಗುಬ್ಬಿ ಇನ್ನೂ ಇದೆಯಲ್ಲ, ಅಳಿದದ್ದು ಹೇಗೆ?’ ಅಂತ ಟೀಚರ್ ಕೇಳಿದರಂತೆ. ಯಾರು ಸರಿ ಸರ್?
(ಥಾಣೆಯ ಒಬ್ಬ ತಾಯಿ)

ಉತ್ತರ: ಇಬ್ಬರೂ ಸರಿ. ತಪ್ಪು ನನ್ನದು, ‘ಉಪಪ್ರಭೇದ’ ಅನ್ನುವ ಪದ ಬಿಟ್ಟುಬಿಟ್ಟಿದ್ದೆ. ಸೀಸೈಡ್ ಗುಬ್ಬಿ ಅನ್ನುವುದು ಇಡೀ ಪ್ರಭೇದ. ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ, ಮೆಕ್ಸಿಕೊ ಕೊಲ್ಲಿಯ ದಡದಲ್ಲಿ ಈಗಲೂ ಇದೆ. ಡಸ್ಕಿ ಅದರ ಒಂದು ಕವಲು. ನಮ್ಮ ಕನ್ನಡದ ಹಾಗೆ ಅಂದುಕೊಳ್ಳಿ. ಕುಂದಾಪುರದವರೂ ಧಾರವಾಡದವರೂ ಮಾಟುಂಗಾ ಸ್ಟೇಷನ್ನಿನಲ್ಲಿ ಸಿಕ್ಕರೆ ಆರಾಮಾಗಿ ಮಾತಾಡುತ್ತಾರೆ, ಆದರೆ ಬಾಯಿ ತೆರೆದ ಕೂಡಲೇ ಯಾರು ಯಾವ ಊರು ಅಂತ ಗೊತ್ತಾಗುತ್ತದೆ. ಕುಂದಾಪ್ರ ಕನ್ನಡ ಆಡುವ ಕೊನೆಯವರು ಹೋದರೆ ಕನ್ನಡವೇ ಹೋಯಿತು ಅನ್ನಲಾಗದು. ಏನೂ ಹೋಗಲಿಲ್ಲ ಅನ್ನಲೂ ಆಗದು, ಅಲ್ವಾ?

ಗೊಂದಲಕ್ಕೆ ಇನ್ನೊಂದು ಕಾರಣ ಹಳೇ ದಾಖಲೆ. ಚಾರ್ಲ್ಸ್ ಮೇನಾರ್ಡ್ ಈ ಹಕ್ಕಿಯನ್ನು ಗುರುತಿಸಿದ್ದು 1872ರಲ್ಲಿ. ಮರುವರ್ಷ ರಾಬರ್ಟ್ ರಿಡ್ಜ್‌ವೇ ಅದನ್ನು ಸೀಸೈಡ್ ಗುಬ್ಬಿಯ ಒಂದು ಬಗೆ ಅಂತ ವಿವರಿಸಿ ‘ನೈಗ್ರೆಸೆನ್ಸ್’ ಅಂತ ಹೆಸರಿಟ್ಟ, ಕಪ್ಪಗಾಗುವುದು ಅನ್ನುವ ಅರ್ಥದ ಲ್ಯಾಟಿನ್ ಪದ. ಆಮೇಲೆ ಬಂದವರು ಬಡ್ತಿ ಕೊಟ್ಟು ಸ್ವತಂತ್ರ ಪ್ರಭೇದ ಮಾಡಿದರು. 1973ರಲ್ಲಿ ಅಮೆರಿಕದ ಪಕ್ಷಿತಜ್ಞರ ಸಂಘ ಮತ್ತೆ ಇಳಿಸಿ ಉಪಪ್ರಭೇದಕ್ಕೆ ತಂದು ಕೂರಿಸಿತು. ಹಾಗಾಗಿ ಒಂದೊಂದು ಪುಸ್ತಕ ಒಂದೊಂದು ಹೇಳುತ್ತದೆ. ಮಗಳಿಗೆ ‘ಅಳಿದ ಉಪಪ್ರಭೇದ’ ಅಂತ ತಿದ್ದಲು ಹೇಳಿ, ಮಾರ್ಕ್ಸ್ ಕಡಿಮೆ ಬಂದಿದ್ದರೆ ನನ್ನ ಹೆಸರು ಹೇಳಿ.

ಪ್ರಶ್ನೆ: ಬರೀ ಐದು ಗಂಡು ಉಳಿದಿದ್ದವು ಅಂದಿರಿ. ಹತ್ತಿರದ ಸಂಬಂಧದ ಹೆಣ್ಣು ತಂದು ಕೂಡಿಸಬಹುದಿತ್ತಲ್ಲ? ಅಷ್ಟು ದುಡ್ಡಿರುವ ದೇಶ.
(ಡೊಂಬಿವಲಿಯ ನಿವೃತ್ತ ಬ್ಯಾಂಕ್ ನೌಕರರು)

ಉತ್ತರ: ಕೂಡಿಸಿದರು ಸ್ವಾಮಿ, ಕಥೆ ಇರುವುದೇ ಅಲ್ಲಿ. ಆದರೆ ಆ ಸ್ಥಿತಿ ಬಂದದ್ದು ಹೇಗೆ ಅಂತ ಮೊದಲು ನೋಡಿ.

ಈ ಗುಬ್ಬಿಯ ಲೋಕ ಪುಟ್ಟದು. ಮೆರಿಟ್ ದ್ವೀಪ ಮತ್ತು ಸೇಂಟ್ ಜಾನ್ಸ್ ನದಿ ಬದಿಯ ಜೌಗು, ಅಷ್ಟೇ. ಮೊದಲು ಸೊಳ್ಳೆಗೆ ಅಂತ ಡಿಡಿಟಿ ಸಿಂಪಡಿಸಿದರು. ಆಮೇಲೆ 1950ರ ದಶಕದಲ್ಲಿ ಶುರುವಾಗಿ, ದಂಡೆ ಕಟ್ಟಿ ಜೌಗಿನಲ್ಲಿ ನೀರು ನಿಲ್ಲಿಸಿದರು. ನಮಗೆ ಇದು ಉಲ್ಟಾ ಅನ್ನಿಸುತ್ತದೆ, ಇಲ್ಲಿ ನಿಂತ ನೀರು ಕಂಡರೆ ಮುನಿಸಿಪಾಲಿಟಿಯವರು ಬಯ್ಯುತ್ತಾರೆ. ಆದರೆ ಅಲ್ಲಿಯ ಉಪ್ಪುಜೌಗಿನ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮೇಲಲ್ಲ, ಒದ್ದೆ ಮಣ್ಣಿನ ಮೇಲೆ. ನೀರು ತುಂಬಿಸಿಟ್ಟರೆ ಅದಕ್ಕೆ ಜಾಗವಿಲ್ಲ. ಗುಬ್ಬಿ ಗೂಡು ಕಟ್ಟುತ್ತಿದ್ದ ಹುಲ್ಲಿಗೂ ಇಲ್ಲದಾಯಿತು. ಮೆರಿಟ್ ದ್ವೀಪ ಅಂದರೆ ಕೆನಡಿ ಸ್ಪೇಸ್ ಸೆಂಟರ್ ಇರುವ ಜಾಗ. ಮನುಷ್ಯ ಚಂದ್ರನಿಗೆ ಹೊರಟ ಅಂಗಳದಲ್ಲೇ ಹಕ್ಕಿ ಜಾಗ ಖಾಲಿ ಮಾಡುತ್ತಿತ್ತು. ನದಿ ಕಡೆ ಉಳಿದವನ್ನು ಹೆದ್ದಾರಿ, ದನದ ಹುಲ್ಲುಗಾವಲಿಗೆ ನೀರು ಬಸಿದದ್ದು, ಬೆಂಕಿ, ಎಲ್ಲ ಸೇರಿ ಮುಗಿಸಿದವು.

ಹೆಣ್ಣು ಕೊನೆಯದಾಗಿ ಕಂಡದ್ದು 1975ರಲ್ಲಿ. 1979-80ರಲ್ಲಿ ಐದು ಗಂಡು ಹಿಡಿದರು, ಗುರುತಿಗೆ ಕಾಲಿಗೆ ಬಣ್ಣದ ಬಳೆ ತೊಡಿಸಿದರು. ಬಳೆಯ ಬಣ್ಣವೇ ಅವುಗಳ ಹೆಸರಾಯಿತು. ಮೆಕ್ಸಿಕೊ ಕೊಲ್ಲಿ ದಡದ ಇನ್ನೊಂದು ಉಪಪ್ರಭೇದ, ಸ್ಕಾಟ್ಸ್ ಸೀಸೈಡ್ ಗುಬ್ಬಿಯ ಹೆಣ್ಣು ತಂದು ಕೂಡಿಸಿದರೆ ಮರಿ ಅರ್ಧ ಡಸ್ಕಿ. ಆ ಮಗಳನ್ನು ಮತ್ತೆ ಡಸ್ಕಿ ಗಂಡಿಗೇ ಕೂಡಿಸಿದರೆ ಮುಕ್ಕಾಲು. ಇನ್ನೊಂದು ಸುತ್ತಿಗೆ ಎಂಟರಲ್ಲಿ ಏಳು ಪಾಲು. ಬಡ್ಡಿ ಲೆಕ್ಕದ ಹಾಗೆ, ನಿಮಗೆ ಸುಲಭವಾಗಿ ಹಿಡಿಸುತ್ತದೆ. ಸರ್ಕಾರದ ಇಲಾಖೆ ಮಾತ್ರ ‘ಕಾನೂನಿನಲ್ಲಿರುವುದು ಡಸ್ಕಿ, ಬೆರಕೆ ಅಲ್ಲ’ ಅಂತ ದುಡ್ಡು ಕೊಡಲಿಲ್ಲ. ಕೊನೆಗೆ ಜಾಗ ಸಿಕ್ಕಿದ್ದು ಡಿಸ್ನಿ ವರ್ಲ್ಡ್‌ನ ಡಿಸ್ಕವರಿ ದ್ವೀಪದಲ್ಲಿ, 1983ರಲ್ಲಿ. ಅಷ್ಟೊತ್ತಿಗೆ ಹಕ್ಕಿಗಳೆಲ್ಲ ಮುದುಕರು. ಕಿತ್ತಳೆ ಬಳೆಯದಕ್ಕೆ ಒಂದು ಕಣ್ಣು ಕಾಣುತ್ತಿರಲಿಲ್ಲ. 1987ರ ಜೂನ್‌ನಲ್ಲಿ ಅದೂ ಸತ್ತಿತು. ಅದೇ ವಾರ, ಜೂನ್ 20ಕ್ಕೆ, ಇಲ್ಲಿ ಮುಂಬಯಿಯಲ್ಲಿ ಸಲೀಂ ಅಲಿ ತೀರಿಕೊಂಡರು. ಬಾಲ್ಯದಲ್ಲಿ ಹೊಡೆದ ಒಂದು ಗುಬ್ಬಿಯಿಂದ ಹಕ್ಕಿಗಳ ದಾರಿ ಹಿಡಿದ ಮನುಷ್ಯ. ಇದಕ್ಕೂ ಅದಕ್ಕೂ ಸಂಬಂಧವೇನಿಲ್ಲ, ತಾರೀಕು ನೋಡಿದಾಗ ಸುಮ್ನೆ ಒಂದು ಕ್ಷಣ ಕೂತೆ.

ಇನ್ನೂ ಮುಗಿದಿಲ್ಲ. 1989ರಲ್ಲಿ ಜಾನ್ ಅವೀಸ್ ಮತ್ತು ವಿಲಿಯಂ ನೆಲ್ಸನ್ ಅದೇ ಕಿತ್ತಳೆ ಬಳೆಯ ಗುಬ್ಬಿಯ ಡಿಎನ್‌ಎ ನೋಡಿದರು. ಡಸ್ಕಿಯ ನೆಂಟರು ಅಟ್ಲಾಂಟಿಕ್ ಕಡೆಯವರು, ಕೊಲ್ಲಿಯವರು ದೂರದವರು ಅಂತ ಗೊತ್ತಾಯಿತು. ಅಂದರೆ ಹೆಣ್ಣು ತಂದದ್ದು ತಪ್ಪು ಮನೆಯಿಂದ! ಅಟ್ಲಾಂಟಿಕ್ ಹಕ್ಕಿಗಳಿಗೂ ಇದಕ್ಕೂ ಆ ಪರೀಕ್ಷೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ ಅಂತ, ‘ಹಾಗಾದರೆ ಕಳೆದುಕೊಂಡದ್ದು ಏನೂ ಇಲ್ಲ’ ಅನ್ನುವವರೂ ಹುಟ್ಟಿಕೊಂಡರು. ನಾನಂತೂ ಒಪ್ಪುವುದಿಲ್ಲ. ಅವರು ನೋಡಿದ್ದು ತಾಯಿಯಿಂದ ಮಾತ್ರ ಬರುವ ಡಿಎನ್‌ಎ ತುಣುಕು. ಆ ಕಪ್ಪು ಬಣ್ಣ, ಆ ಹಾಡು, ಆ ಜೌಗಿಗೆ ಒಗ್ಗಿದ ಬದುಕು ಅದರಲ್ಲಿ ಕಾಣುವುದಿಲ್ಲ.

ಪ್ರಶ್ನೆ: ಮ್ಯೂಸಿಯಂನವರು ಸತ್ತ ಹಕ್ಕಿಗಳನ್ನು ಡ್ರಾಯರಿನಲ್ಲಿ ತುಂಬಿಡುವುದು ಯಾವ ವಿಜ್ಞಾನ? ಫೋಟೊ ಸಾಲದೇ?
(ಪುಣೆಯ ಕಾಲೇಜು ವಿದ್ಯಾರ್ಥಿ)

ಉತ್ತರ: ಡಿಎನ್‌ಎ ಪರೀಕ್ಷೆ ಮಾಡಿದ್ದು ಫೋಟೊದಿಂದಲ್ಲ ಮಾರಾಯಾ. ಕಿತ್ತಳೆ ಬಳೆಯ ಗುಬ್ಬಿಯ ದೇಹ ಇವತ್ತಿಗೂ ಗೇನ್ಸ್‌ವಿಲ್‌ನ ಫ್ಲೋರಿಡಾ ಮ್ಯೂಸಿಯಂನಲ್ಲಿ ಸ್ಪಿರಿಟ್ ತುಂಬಿದ ಬಾಟಲಿಯಲ್ಲಿದೆ.

ಸಂಗ್ರಹದ ಹಕ್ಕಿಯನ್ನು ಒಮ್ಮೆ ಹತ್ತಿರದಿಂದ ನೋಡು. ಬೆನ್ನ ಮೇಲೆ ಮಲಗಿರುತ್ತದೆ, ಕಣ್ಣಿನ ಜಾಗದಲ್ಲಿ ಬಿಳಿ ಹತ್ತಿ, ಜೋಡಿಸಿದ ಕಾಲಿಗೆ ದಾರದಲ್ಲಿ ಕಟ್ಟಿದ ಚೀಟಿ. ತಾರೀಕು, ಊರು, ಗಂಡೋ ಹೆಣ್ಣೋ, ಹಿಡಿದವರ ಹೆಸರು. ಚೀಟಿ ಹರಿದುಹೋದರೆ ಹಕ್ಕಿ ಬರೀ ಗರಿ ಮೂಟೆ. ಚೀಟಿ ಸುಳ್ಳಾದರೆ ಇನ್ನೂ ಕಷ್ಟ. ನಮ್ಮ ಮಹಾರಾಷ್ಟ್ರದ್ದೇ ಉದಾಹರಣೆ ಇದೆ. ಫಾರೆಸ್ಟ್ ಔಲೆಟ್ ಅನ್ನುವ ಪುಟ್ಟ ಗೂಬೆ. ಸಿಕ್ಕಿದ್ದು 1872, ಹೆಸರು ಬಂದದ್ದು 1873, ಡಸ್ಕಿಯ ವಾರಿಗೆಯದೇ. 1884ರ ನಂತರ ಪತ್ತೆಯಿಲ್ಲ. ಆದರೆ ರಿಚರ್ಡ್ ಮೈನರ್ಟ್ಸ್‌ಹಾಗನ್ ಅನ್ನುವ ಸೇನಾಧಿಕಾರಿ 1914ರಲ್ಲಿ ಗುಜರಾತಿನಲ್ಲಿ ಒಂದು ಸಿಕ್ಕಿತು ಅಂತ ತೋರಿಸಿದ್ದ. ನಿಜದಲ್ಲಿ ಬ್ರಿಟಿಷ್ ಮ್ಯೂಸಿಯಂನಿಂದ ಹಳೇ ಗೂಬೆ ಕದ್ದು, ಒಳಗಿನದು ತೆಗೆದು ಮತ್ತೆ ತುಂಬಿ, ಹೊಸ ಚೀಟಿ ಕಟ್ಟಿದ್ದ! ಅಮೆರಿಕದ ಪಕ್ಷಿತಜ್ಞೆ ಪಮೇಲಾ ರಾಸ್ಮುಸೆನ್ ಆ ಸುಳ್ಳನ್ನು ಬದಿಗಿಟ್ಟು ಅಸಲಿ ಚೀಟಿಗಳ ಊರು ಹಿಡಿದು ಹುಡುಕಿದರು, 1997ರ ನವೆಂಬರಿನಲ್ಲಿ ಶಹಾದಾ ಹತ್ತಿರ ಗೂಬೆ ಜೀವಂತ ಕೂತಿತ್ತು. 2014ರಲ್ಲಿ ತಾನ್ಸಾ ಕಾಡಿನಲ್ಲೂ ಕಂಡಿತು, ಮುಂಬಯಿಗೆ ಕುಡಿಯುವ ನೀರು ಬರುತ್ತದಲ್ಲ, ಅದೇ ತಾನ್ಸಾ.

ಹೊಸದಾಗಿ ಕೊಂದು ತುಂಬಿಸಬೇಕು ಅಂತ ನಾನು ಹೇಳುತ್ತಿಲ್ಲ. ಇರುವುದನ್ನು ಎಸೆಯಬೇಡಿ ಅಂತಷ್ಟೇ.

ಪ್ರಶ್ನೆ: ನಮ್ಮ ಸೊಸೈಟಿಯಲ್ಲಿ ಮುಂಚೆ ಗುಬ್ಬಿ ಜಾಸ್ತಿ ಇದ್ದವು. ಇವೂ ಹೀಗೇ ಹೋಗುತ್ತವಾ?
(ವಾಶಿಯ ಅಜ್ಜಿ)

ಉತ್ತರ: ಅಜ್ಜಿ, ನಮ್ಮ ಗುಬ್ಬಚ್ಚಿ ಒಂದೇ ಜೌಗನ್ನು ನಂಬಿಕೊಂಡಿಲ್ಲ, ದೇಶದ ತುಂಬಾ ಇದೆ. 2020ರ ಭಾರತದ ಹಕ್ಕಿಗಳ ವರದಿ ಪ್ರಕಾರ ಒಟ್ಟಾರೆ ಸಂಖ್ಯೆ ಹೆಚ್ಚುಕಡಿಮೆ ಹಾಗೇ ಇದೆ, ಇಳಿದಿರುವುದು ದೊಡ್ಡ ನಗರಗಳಲ್ಲಿ. ‘ಮುಂಚೆ ಜಾಸ್ತಿ’ ಅಂದರೆ ಎಷ್ಟು? ಯಾವ ವರ್ಷ? ಯಾವ ಬಿಲ್ಡಿಂಗ್? ನೆನಪಾದಷ್ಟು ಬರೆದು ಕಳಿಸಿ. ಮತ್ತೆ ಈ ಸಲವೂ ಪತ್ರಕ್ಕೆ ತಾರೀಕು ಹಾಕಲು ಮರೆತಿದ್ದೀರಿ.