ನನ್ನ ಜಲವರ್ಣ ಚಿತ್ರದಲ್ಲಿ ಹಿಮ ಕೊಳಕಾಗಿ ಕಾಣುತ್ತದೆ, ಹುಲ್ಲು ಹೊತ್ತ ರೈತ ಅಂಟಿಸಿದಂತೆ ನಿಲ್ಲುತ್ತಾನೆ. ಬಿಳಿ ಬಣ್ಣ ಕೊಳ್ಳಲೇ?

ಬಿಳಿ ಬಣ್ಣ ಬೇಡ. ಜಲವರ್ಣದಲ್ಲಿ ಹಿಮ ಎಂದರೆ ಕುಂಚ ಮುಟ್ಟಿಸದೆ ಬಿಟ್ಟ ಹಾಳೆ. ನಾವು ಬರೆಯುವುದು ಅದರ ಮೇಲೆ ಬಿದ್ದ ನೆರಳನ್ನಷ್ಟೇ.

ಬಿಸಿಲಿದ್ದ ದಿನ ಆ ನೆರಳು ನೀಲಿಯಾಗಿಯೇ ಇರುತ್ತದೆ, ಏಕೆಂದರೆ ಸೂರ್ಯ ತಲುಪದ ಕಡೆ ಬೆಳಕು ಬರುವುದು ಆಕಾಶದಿಂದ. ತೆಳುವಾದ ಕೋಬಾಲ್ಟ್ ನೀಲಿಯನ್ನು ಒಂದೇ ಸಲ ಎಳೆದು ಕೈ ತೆಗೆದುಬಿಡಿ. ಒಣಗಿದ ಮೇಲೆ ಬಣ್ಣ ತಿಳಿಯಾಗುತ್ತದೆ, ಹಾಗಾಗಿ ಸ್ವಲ್ಪ ಗಾಢವಾಗಿಯೇ ಹಾಕಿ. ಕೊಳಕಾಗುವುದು ಹೆಚ್ಚಾಗಿ ಅರ್ಧ ಒಣಗಿದ ಜಾಗವನ್ನು ಮತ್ತೆ ಮತ್ತೆ ತಿದ್ದುವುದರಿಂದ. ಆಕಾಶಕ್ಕೆ ಒಂದಿಷ್ಟು ಬೂದು ಕೊಟ್ಟರೆ ಅದೇ ಖಾಲಿ ಹಾಳೆ ಇನ್ನಷ್ಟು ಬೆಳ್ಳಗೆ ಕಾಣುತ್ತದೆ. ಗಾಢ ನೀಲಿಯಾದ ಅಲ್ಟ್ರಾಮರೀನ್ ಮತ್ತು ಕೆಂಗಂದು ಬಣ್ಣದ ಬರ್ನ್ಟ್ ಸಿಯೆನಾ ಬೆರೆಸಿದರೆ ಆ ಬೂದು ಸಿಗುತ್ತದೆ.

ನನಗೆ ಹೆಚ್ಚು ಮುಖ್ಯ ಅನ್ನಿಸುವುದು ನಿಮ್ಮ ಹುಲ್ಲು ಹೊತ್ತ ರೈತ. ದುಡಿಮೆ ಹಿಮದ ಮೇಲೆ ಗುರುತು ಬಿಡುತ್ತದೆ. ಆ ಗುರುತಿಲ್ಲದೆ ಮನುಷ್ಯನನ್ನು ಮಾತ್ರ ಬರೆದರೆ ಅವನು ಆ ಹೊಲದವನು ಅನ್ನಿಸುವುದಿಲ್ಲ. ಕೊಟ್ಟಿಗೆಯ ಬಾಗಿಲ ಮುಂದಿನ ಹಿಮ ಬಿಳಿಯಾಗಿ ಇರುವುದೇ ಇಲ್ಲ: ದನ, ಜನ ತುಳಿದು, ಸಗಣಿ ಮಣ್ಣು ಕಲೆತು ಕಂದಾಗಿರುತ್ತದೆ. ಅಲ್ಲಿಂದ ಹೊರಟ ಹೆಜ್ಜೆಗಳು, ದಾರಿಯುದ್ದಕ್ಕೂ ಉದುರಿದ ಹುಲ್ಲೆಳೆಗಳು, ಬಂಡಿಯ ಜಾಡು ಇವನ್ನು ಮೊದಲು ಯೋಚಿಸಿ.

ಆಮೇಲೆ ಭಾರ. ಒಂದು ಕೈಯಲ್ಲಿ ತುಂಬಿದ ಬಕೆಟ್ ಹಿಡಿದವಳ ಮೈ ಎದುರು ಪಕ್ಕಕ್ಕೆ ವಾಲುತ್ತದೆ, ಖಾಲಿ ಕೈ ದೂರ ಚಾಚಿಕೊಳ್ಳುತ್ತದೆ. ಅದು ಸರಿಯಾಗಿ ಬಂದರೆ ಮುಖ, ಗುಂಡಿ, ಜೇಬು ಯಾವುದೂ ಬೇಡ. ಫ್ಲೆಮಿಶ್ ಚಿತ್ರಕಾರ ಪೀಟರ್ ಬ್ರೂಗೆಲ್ 1565ರಲ್ಲಿ ಬರೆದ, ಹಿಮದಲ್ಲಿ ನಡೆಯುವ ಬೇಟೆಗಾರರ ಚಿತ್ರ ತೈಲವರ್ಣದ್ದೇ ಆದರೂ ಇದಕ್ಕಾಗಿ ನೋಡಲೇಬೇಕು. ಬೇಟೆಗಾರರು ನಮಗೆ ಬೆನ್ನು ಹಾಕಿ ಹೊರಟಿದ್ದಾರೆ, ಮುಖವೇ ಕಾಣುವುದಿಲ್ಲ. ಆದರೂ ಬಾಗಿದ ಬೆನ್ನುಗಳಲ್ಲಿ ದಣಿವು ಕಾಣುತ್ತದೆ. ಕೆಳಗಿನ ಪುಟ್ಟ ಸೇತುವೆಯ ಮೇಲೆ ಸೌದೆ ಹೊರೆ ಹೊತ್ತು ಸಾಗುವ ಆಕೃತಿಯನ್ನೂ ಹುಡುಕಿ.

ಪಾದ ಬರೆಯಬೇಡಿ, ಅದು ಹಿಮದೊಳಗೆ ಹೂತಿರುತ್ತದೆ. ಕಾಲಿನ ಬಣ್ಣ ಹಸಿ ಇರುವಾಗಲೇ ಅದನ್ನು ನೆರಳಿನ ನೀಲಿಗೆ ತಾಗಿಸಿ, ಒಂದರೊಳಗೊಂದು ಹರಿಯಲಿ. ಅಂಟಿಸಿದಂತೆ ಕಾಣುವ ತೊಂದರೆ ಬಹುಪಾಲು ಇಲ್ಲೇ ನೀಗುತ್ತದೆ.

ಹಿಮದಿಂದ ತಲೆ ಎತ್ತಿದ ಒಣಹುಲ್ಲಿಗೆ ನೀರು ಹಿಂಡಿದ ಕುಂಚ ಸಾಕು, ಇದನ್ನೇ ಡ್ರೈ ಬ್ರಷ್ ಅನ್ನುತ್ತಾರೆ. ಅಮೆರಿಕದ ಚಿತ್ರಕಾರ ಆಂಡ್ರ್ಯೂ ವೈಯತ್ ಪೆನ್ಸಿಲ್ವೇನಿಯದ ಚಾಡ್ಸ್ ಫೋರ್ಡ್‌ನಲ್ಲಿ ಕರ್ನರ್ ಕುಟುಂಬದ ಹೊಲಮನೆಯನ್ನು ದಶಕಗಳ ಕಾಲ ಬರೆದರು. ಈ ಡ್ರೈ ಬ್ರಷ್ ವಿಧಾನ ಎಷ್ಟು ದೂರ ಹೋಗಬಲ್ಲದು ಎಂದು ಅವರ ಚಿತ್ರಗಳಲ್ಲಿ ತಿಳಿಯುತ್ತದೆ.

ಹಾಳೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕದ) ಹತ್ತಿಯದಿರಲಿ. ಕೊರೆಯುವ ಚಳಿಯಲ್ಲಿ ಹೊರಗೆ ಕೂತು ಬರೆಯುವುದಾದರೆ ಹಾಳೆಯ ಮೇಲೆಯೇ ನೀರು ಹೆಪ್ಪುಗಟ್ಟಬಹುದು. ಅದಕ್ಕೇ ಕೆಲವರು ನೀರಿಗೆ ಸ್ವಲ್ಪ ವೋಡ್ಕಾ ಬೆರೆಸಿಕೊಳ್ಳುತ್ತಾರೆ.