ಪೀಕ್ ತೆಗೆದುಬಿಡು ಎನ್ನುತ್ತಾರೆ ಟೀಮ್ ಲೀಡ್

ಪ್ರಶ್ನೆ: ಔಷಧ ಕಂಪನಿಯೊಂದರ ಅನಲಿಟಿಕಲ್ ಡೆವಲಪ್‌ಮೆಂಟ್ ವಿಭಾಗದಲ್ಲಿದ್ದೇನೆ. ದಿನಕ್ಕೆ 500 ಮಿ.ಗ್ರಾಂ. ಡೋಸ್‌ನ ಮಾತ್ರೆಯ ಮೂರು ತಿಂಗಳ ಆಕ್ಸಿಲರೇಟೆಡ್ ಸ್ಟೆಬಿಲಿಟಿ ಸ್ಯಾಂಪಲ್‌ನಲ್ಲಿ (ಹೆಚ್ಚಿನ ಬಿಸಿ, ತೇವದಲ್ಲಿಟ್ಟದ್ದು) 0.24% ಹೊಸ ಪೀಕ್, ಅಂದರೆ ಕ್ರೊಮ್ಯಾಟೋಗ್ರಫಿ ಗ್ರಾಫ್‌ನಲ್ಲಿ ಗುರುತಿಲ್ಲದ ವಸ್ತುವಿನ ಉಬ್ಬು, ಬಂದಿದೆ. ‘ಫೈಲಿಂಗ್ (ಅನುಮತಿಗೆ ಅರ್ಜಿ) ಹತ್ತಿರ ಇದೆ, ಮ್ಯಾನ್ಯುಯಲ್ ಇಂಟಿಗ್ರೇಶನ್‌ನಲ್ಲಿ (ಪೀಕ್‌ನ ಗಡಿಯನ್ನು ಕೈಯಾರೆ ಗುರುತಿಸುವುದು) ತೆಗೆದುಬಿಡು’ ಎನ್ನುತ್ತಾರೆ ಟೀಮ್ ಲೀಡ್. ನನಗೆ ಕೆಲಸ ಕಲಿಸಿದವರೇ ಅವರು. ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ತೆಗೆಯಬೇಡಿ. ಕಲಿಸಿದವರಿಗೆ ಇಲ್ಲ ಎನ್ನುವುದು ಕಷ್ಟವೇ, ಆದರೆ ಆ ಫಲಿತಾಂಶಕ್ಕೆ ಸಹಿ ಹಾಕುವವರು ನೀವು. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ಆಡಿಟ್ ಟ್ರೇಲ್‌ನಲ್ಲಿ ಉಳಿಯುತ್ತದೆ. ಮ್ಯಾನ್ಯುಯಲ್ ಇಂಟಿಗ್ರೇಶನ್ ತಪ್ಪೇ ಅಂತಲ್ಲ. ಬೇಸ್‌ಲೈನ್ (ಗ್ರಾಫ್‌ನ ತಳದ ಗೆರೆ) ಏರಿಳಿದಾಗ, ಎಸ್‌ಒಪಿ (ಕಂಪನಿಯ ಲಿಖಿತ ಕಾರ್ಯವಿಧಾನ) ಅವಕಾಶ ಕೊಟ್ಟಿದ್ದರೆ, ಕಾರಣ ಬರೆದು, ಮೊದಲಿನ ಫಲಿತಾಂಶವನ್ನೂ ಉಳಿಸಿ ಮಾಡಬಹುದು. ಇರುವ ಪೀಕನ್ನು ಮರೆಮಾಡಿದರೆ ಅದು ದತ್ತಾಂಶ ತಿದ್ದಿದಂತೆ.

ಸಿದ್ಧ ಔಷಧದಲ್ಲಿನ ಕಲ್ಮಶಗಳ ಅಂತಾರಾಷ್ಟ್ರೀಯ ಮಾರ್ಗಸೂಚಿ ಐಸಿಎಚ್ ಕ್ಯೂ3ಬಿ ಪ್ರಕಾರ ದಿನಕ್ಕೆ 1 ಗ್ರಾಂವರೆಗಿನ ಡೋಸ್‌ಗೆ ವರದಿಯ ಮಿತಿ 0.1%. ನಿಮ್ಮ ಡೋಸ್‌ಗೆ ವಸ್ತು ಯಾವುದೆಂದು ಗುರುತಿಸುವ ಮಿತಿಯೂ ಅದರ ಸುರಕ್ಷತೆ ತೋರಿಸಬೇಕಾದ ಮಿತಿಯೂ 0.2%. ಗುರುತಿಸುವ ಮಾತು ಬರುವುದು ಲೇಬಲ್‌ನಲ್ಲಿ ಹೇಳಿದ ಶೇಖರಣೆಯಲ್ಲಿ ಕಂಡದ್ದಕ್ಕೆ. ಹಾಗಾಗಿ ಇದೇ ಅವಧಿಯ ಲಾಂಗ್ ಟರ್ಮ್ ಸ್ಯಾಂಪಲ್‌ನಲ್ಲಿ (ಆ ಶೇಖರಣೆಯಲ್ಲೇ ಇಟ್ಟದ್ದು) ಆ ಪೀಕ್ ಎಷ್ಟಿದೆ ನೋಡಿ. ಅಲ್ಲೂ ಇಷ್ಟೇ ಬಂದರೆ ರೋಗಿಯ ಹೊಟ್ಟೆಗೆ ದಿನಕ್ಕೆ ಸುಮಾರು 1.2 ಮಿ.ಗ್ರಾಂ. ಗುರುತಿಲ್ಲದ ವಸ್ತು ಹೋಗುತ್ತದೆ.

ವಯಲ್ (ಸ್ಯಾಂಪಲ್‌ನ ಪುಟ್ಟ ಸೀಸೆ), ಸ್ಯಾಂಪಲ್ ದ್ರಾವಣ, ಡೈಲ್ಯುಯೆಂಟ್ (ಮಾತ್ರೆ ಕರಗಿಸಿದ ದ್ರವ), ಮೊಬೈಲ್ ಫೇಸ್ (ಯಂತ್ರದಲ್ಲಿ ಹರಿಯುವ ದ್ರವ) ಏನನ್ನೂ ಚೆಲ್ಲಬೇಡಿ. ತನಿಖೆ ತೆರೆಸಿ, ಅದರಡಿಯಲ್ಲೇ ಅದೇ ವಯಲ್ ಮತ್ತೆ ಇಂಜೆಕ್ಟ್ ಮಾಡಿ. ಅದು ಕಾರಣ ಹುಡುಕಲಿಕ್ಕೆ ಮಾತ್ರ, ಪಾಸ್ ಆಗುವ ನಂಬರ್ ಸಿಗುವವರೆಗೆ ಅಲ್ಲ. ಬ್ಲ್ಯಾಂಕ್‌ನಲ್ಲಿ (ಸ್ಯಾಂಪಲ್ ಇಲ್ಲದ ಬರೀ ದ್ರವ) ಪೀಕ್ ಇದೆಯೇ? ಪ್ಲಾಸಿಬೊದಲ್ಲಿ (ಔಷಧಾಂಶವಿಲ್ಲದ ಮಾತ್ರೆ)? ಹೊಸ ಪ್ಲಾಸಿಬೊ ಸಾಲದು, ಅದೇ ಪ್ಯಾಕ್‌ನಲ್ಲಿ ಅದೇ ಚೇಂಬರ್‌ನಲ್ಲಿಟ್ಟದ್ದೇ ಬೇಕು. ಸಿರಿಂಜ್ ಫಿಲ್ಟರ್‌ನಿಂದಲೂ ಪೀಕ್ ಬರುತ್ತದೆ, ಆದ್ದರಿಂದ ಸೋಸಿದ ಮತ್ತು ಸೋಸದ ಡೈಲ್ಯುಯೆಂಟ್ ಎರಡನ್ನೂ ಓಡಿಸಿ. ಅದೇ ವಯಲ್‌ನಲ್ಲಿ ಗಂಟೆ ಕಳೆದಂತೆ ಏರಿಯಾ ಏರುತ್ತಿದ್ದರೆ ಔಷಧ ಹಾಳಾಗುತ್ತಿರುವುದು ಆಟೋಸ್ಯಾಂಪ್ಲರ್‌ನಲ್ಲಿ (ತಾನಾಗಿ ಇಂಜೆಕ್ಟ್ ಮಾಡುವ ಭಾಗ) ಇಟ್ಟ ದ್ರಾವಣದಲ್ಲಿ. ತಾಜಾ ದ್ರಾವಣ ಮಾಡಿ, 5 ಡಿಗ್ರಿಯಲ್ಲಿಟ್ಟು ಹೋಲಿಸಿ.

ಇವೆಲ್ಲ ದಾಟಿಯೂ ಪೀಕ್ ಉಳಿದರೆ ಅದು ನಿಜವಾದದ್ದು. ಪಿಡಿಎ ಸ್ಪೆಕ್ಟ್ರಮ್ (ವಸ್ತು ಬೆಳಕು ಹೀರುವ ಮಾದರಿ) ತೆಗೆದು, ಫೋರ್ಸ್ಡ್ ಡಿಗ್ರೆಡೇಶನ್‌ನ (ಔಷಧವನ್ನು ಬೇಕೆಂದೇ ಕೆಡಿಸುವ ಪರೀಕ್ಷೆ) ಆಮ್ಲ, ಕ್ಷಾರ, ಪೆರಾಕ್ಸೈಡ್ ಸ್ಯಾಂಪಲ್‌ಗಳ ಜೊತೆ ಹೋಲಿಸಿ. ವಸ್ತುವಿನ ಅಣುರಾಶಿ ಅಳೆಯುವ ಎಲ್‌ಸಿ-ಎಂಎಸ್‌ಗೆ ಫಾಸ್ಫೇಟ್ ಬಫರ್ ಒಗ್ಗದು, ಫಾರ್ಮೇಟ್ ಬಫರ್‌ಗೆ ಬದಲಿಸಬೇಕು. ಆಗ ಪೀಕ್‌ಗಳ ಜಾಗ ಪಲ್ಲಟವಾಗಬಹುದು, ಬೇರೆ ಪೀಕನ್ನು ಇದೇ ಎಂದುಕೊಂಡು ವಾರಗಟ್ಟಲೆ ಕೆಲಸ ವ್ಯರ್ಥವಾಗುವುದು ಇಲ್ಲೇ. ರೆಸ್ಪಾನ್ಸ್ ಫ್ಯಾಕ್ಟರ್ (ಅಷ್ಟೇ ಪ್ರಮಾಣಕ್ಕೆ ಆ ವಸ್ತು ಎಷ್ಟು ದೊಡ್ಡ ಪೀಕ್ ಕೊಡುತ್ತದೆ ಎಂಬ ಅಳತೆ) ತಿಳಿಯುವವರೆಗೆ 0.24% ಅಂದಾಜು ಮಾತ್ರ. ನಿಜವಾದ ಪ್ರಮಾಣ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು.

ಲೀಡ್ ಜೊತೆ ಆರೋಪದ ಮಾತು ಬೇಡ. ‘ಸರ್, ಸ್ಟೆಬಿಲಿಟಿ ಸ್ಯಾಂಪಲ್‌ನಲ್ಲಿ 0.24% ಹೊಸ ಪೀಕ್ ಬಂದಿದೆ. ಈಗ ತನಿಖೆ ತೆರೆದರೆ ಫಾರ್ಮುಲೇಶನ್ ಸರಿಪಡಿಸಲು ದಾರಿಯಿದೆ, ತೆರೆಯಲೇ?’ ಎಂದು ಇಮೇಲ್‌ನಲ್ಲಿ ಕೇಳಿ. ಅವರ ಮೇಲೂ ಗಡುವಿನ ಒತ್ತಡವಿದೆ, ಲಿಖಿತ ಪ್ರಶ್ನೆ ಅವರಿಗೂ ಒಂದು ಆಸರೆ. ಆಗಲೂ ‘ತೆಗೆ’ ಎಂದರೆ ಕ್ಯೂಎಗೆ (ಗುಣಮಟ್ಟ ಖಾತರಿ ವಿಭಾಗ) ಹೇಳಿ, ಸಹಿ ಹಾಕಬೇಡಿ. ಸಾಕ್ಷ್ಯಕ್ಕೆಂದು ಮೊಬೈಲ್‌ನಲ್ಲಿ ಕ್ರೊಮ್ಯಾಟೋಗ್ರಾಮ್ ಫೋಟೋ ತೆಗೆದು ಮನೆಗೆ ಒಯ್ಯಬೇಡಿ. ಗೌಪ್ಯತೆ ಮುರಿದ ಆರೋಪ ನಿಮ್ಮ ಮೇಲೇ ಬಂದೀತು. ನಡೆದದ್ದನ್ನು ದಿನಾಂಕದೊಂದಿಗೆ ಲ್ಯಾಬ್ ನೋಟ್‌ಬುಕ್‌ನಲ್ಲೇ ಬರೆಯಿರಿ.